ಕಂಸದೊಳಗಿನ ಸಂಖ್ಯೆ: ಶಾಸನ ಡೇಟಾಬೇಸನ್ನು ಆಕರವಾಗಿ ಕೊಡುವಾಗ

ಕೆಲವು ವರ್ಷಗಳ ಹಿಂದೆ ಸಂಶೋಧನೆ ಮಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬರು ನನಗೆ ಫೋನ್ ಮಾಡಿದರು. "ಸರ್, ನಿಮ್ಮ ವರದಿಯಲ್ಲಿ ಸೊರಬ ತಾಲ್ಲೂಕಿನ ಒಂದು ಬುಕ್ಕರಾಯನ ಶಾಸನ ಕೊಟ್ಟಿದೀರಲ್ಲ, ಅದು ಯಾವ ಊರಲ್ಲಿದೆ? ರೈಸ್ ಸಂಪುಟದಲ್ಲಿ ಸೊರಬ 136 ತೆಗೆದು ನೋಡಿದೆ, ಅದು ಬೇರೆಯೇ ಶಾಸನ. ಎರಡು ದಿನ ಅಲ್ಲೇ ಓಡಾಡಿ ವಿಚಾರಿಸಿದೆ, ಯಾರಿಗೂ ಗೊತ್ತಿಲ್ಲ." ನೋಡಿ ಹೇಳ್ತೀನಮ್ಮ ಅಂತ ಫೋನ್ ಇಟ್ಟೆ. ಸಂಜೆಯವರೆಗೆ ಪುಸ್ತಕ ತಿರುವಿದ ಮೇಲೆ ತಿಳಿದದ್ದು ಇಷ್ಟು: ಆ ಶಾಸನ ಸೊರಬದಲ್ಲಿ ಇಲ್ಲ, ಇರಲೂ ಇಲ್ಲ. ಅದು ಶ್ರವಣಬೆಳಗೊಳದ ಭಂಡಾರಿ ಬಸದಿಯ ಕಲ್ಲು. ಶಾಸನ ಓದುವವರೆಲ್ಲ ಬಲ್ಲ ಕಲ್ಲು. ನಾನೂ ಹತ್ತಾರು ಸಲ ಅದರ ಮುಂದೆ ನಿಂತಿದ್ದೇನೆ!

ಈ ತಪ್ಪು ಆದದ್ದು ಹೇಗೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಇದು ನನ್ನೊಬ್ಬನ ಬೇಜವಾಬ್ದಾರಿಯ ಕಥೆ ಮಾತ್ರ ಅಲ್ಲ. ಇವತ್ತು ವರದಿ, ಪ್ರಬಂಧ ಬರೆಯುವ ಬಹುಪಾಲು ಜನ ಮೊದಲು ತೆರೆಯುವುದು ಸಂಪುಟವನ್ನಲ್ಲ, ಡೇಟಾಬೇಸನ್ನು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಲ್ಲಿಂದ ತೆಗೆದುಕೊಂಡದ್ದನ್ನು ವರದಿಯಲ್ಲಿ ಹೇಗೆ ಉಲ್ಲೇಖಿಸಬೇಕು ಅನ್ನುವ ಬಗ್ಗೆ ನಮ್ಮಲ್ಲಿ ಇನ್ನೂ ಒಂದು ರೂಢಿ ಬೆಳೆದಿಲ್ಲ.

ನನ್ನ ಪಟ್ಟಿ

ವರದಿಯ ವಿಷಯ ವಿಜಯನಗರ ಕಾಲದ ಮತೀಯ ವಿವಾದಗಳು ಮತ್ತು ಅರಸರ ತೀರ್ಪುಗಳು. ಒಂದು ಸಂಸ್ಥೆಗಾಗಿ ಬರೆದುಕೊಟ್ಟದ್ದು. ಸಮಯ ಕಡಿಮೆ ಇತ್ತು. ಒಂದು ಡೇಟಾಬೇಸಿನಲ್ಲಿ ಬುಕ್ಕ, ಜೈನ, ವೈಷ್ಣವ ಎಂಬ ಪದಗಳನ್ನು ಕೊಟ್ಟು ಹುಡುಕಿದೆ, ಬಂದ ಸಾಲುಗಳನ್ನು ಕೋಷ್ಟಕಕ್ಕೆ ಇಳಿಸಿದೆ, ಕೊನೆಗೆ "ಆಧಾರ: ಶಾಸನ ಡೇಟಾಬೇಸ್" ಎಂದು ಒಂದು ಸಾಲು ಹಾಕಿ ಮುಗಿಸಿಬಿಟ್ಟೆ. ಆ ಕೋಷ್ಟಕದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ನಡುವೆ ಬುಕ್ಕರಾಯ ಮಾಡಿಸಿದ ಒಪ್ಪಂದಗಳು ಮೂರು ಇದ್ದವು. ಅದನ್ನು ನೋಡಿ, ಬುಕ್ಕನು ಇಂಥ ತೀರ್ಪುಗಳನ್ನು ಮತ್ತೆ ಮತ್ತೆ ಕೊಡಬೇಕಾಗಿ ಬಂದಿತ್ತು, ಹಾಗಾಗಿ ವಿವಾದ ರಾಜ್ಯದ ಹಲವು ಕಡೆ ಹಬ್ಬಿತ್ತು ಎಂದು ಒಂದು ವಾಕ್ಯವನ್ನೂ ಬರೆದೆ. ನಾಲ್ಕು ಜನ ಒಪ್ಪಿಕೊಂಡ ವಾಕ್ಯ ಅದು. ಒಂದೆರಡು ಭಾಷಣಗಳಲ್ಲೂ ಹೇಳಿದ್ದೆ.

ಆ ಮೂರು ಸಾಲುಗಳು ಹೀಗಿದ್ದವು. ಮೊದಲನೆಯದು "ಎಸ್‌ಬಿ 136", ಕಾಲ ಶಕ 1290. ಎರಡನೆಯದು "ಶ್ರವಣಬೆಳಗೊಳ 344", ಕಾಲ 1368. ಮೂರನೆಯದು "ಮಾಗಡಿ 18", ಕಾಲ 1368. ಮೊದಲ ಸಾಲಿನಲ್ಲಿ ಊರಿನ ಹೆಸರು ಖಾಲಿ ಇತ್ತು, ತಾಲ್ಲೂಕಿನ ಕಡೆ ಸೊರಬ ಎಂದಿತ್ತು. 1290ಕ್ಕೆ 78 ಕೂಡಿಸಿದ್ದರೆ ಸಾಕಿತ್ತು, 1368 ಸಿಗುತ್ತಿತ್ತು, ಅನುಮಾನ ಬರುತ್ತಿತ್ತು. ಕೋಷ್ಟಕವನ್ನು ಇಸವಿಯ ಕ್ರಮದಲ್ಲಿ ಜೋಡಿಸಿದಾಗ ಆ ಸಾಲು ಎಲ್ಲೋ ಮೇಲೆ ಹೋಗಿ ಕೂತಿತ್ತು. ನಾನು ಕೂಡಿಸಲಿಲ್ಲ.

ಒಂದು ಕಲ್ಲಿಗೆ ಮೂರು ಸಂಖ್ಯೆ

ಇಲ್ಲಿ ಸ್ವಲ್ಪ ಇತಿಹಾಸ ಬೇಕಾಗುತ್ತದೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟ ಕೊಡಗಿನ ಶಾಸನಗಳದ್ದು, 1886ರಲ್ಲಿ ಬಂತು. ಎರಡನೆಯದು ಶ್ರವಣಬೆಳಗೊಳದ್ದು, 1889. ಅದರಲ್ಲಿ 144 ಶಾಸನಗಳು. ಮುಂದೆ ರೈಸ್ ಹಳೆಯ ಮೈಸೂರಿನ ಜಿಲ್ಲೆಗಳನ್ನೆಲ್ಲ ಸಂಪುಟಗಳಾಗಿ ತಂದಾಗ ಪ್ರತಿ ತಾಲ್ಲೂಕಿಗೂ ಒಂದರಿಂದ ಶುರುವಾಗುವ ಪ್ರತ್ಯೇಕ ಸಂಖ್ಯೆ ಕೊಟ್ಟರು, ತಾಲ್ಲೂಕಿನ ಹೆಸರಿಗೆ ಎರಡು ಇಂಗ್ಲಿಷ್ ಅಕ್ಷರದ ಗುರುತು ಇಟ್ಟರು. ಸೊರಬಕ್ಕೆ "ಎಸ್‌ಬಿ", ಮೊದಲನೆಯದು ದೊಡ್ಡ ಅಕ್ಷರ, ಎರಡನೆಯದು ಚಿಕ್ಕದು. ಶ್ರವಣಬೆಳಗೊಳವನ್ನು ಉಲ್ಲೇಖಿಸುವಾಗ ವಿದ್ವಾಂಸರು ರೂಢಿಯಲ್ಲಿ ಬಳಸುವುದೂ "ಎಸ್‌ಬಿ"ಯೇ, ಆದರೆ ಎರಡೂ ದೊಡ್ಡ ಅಕ್ಷರ. ಮುದ್ರಿತ ಪುಟದಲ್ಲಿ ಕಣ್ಣಿಗೆ ಈ ವ್ಯತ್ಯಾಸ ಕಾಣುತ್ತದೆ. ಗಣಕದ ಹುಡುಕಾಟಕ್ಕೆ ದೊಡ್ಡದು ಚಿಕ್ಕದು ಎಂಬ ಭೇದ ಸಾಮಾನ್ಯವಾಗಿ ಇಲ್ಲ. ಯಾರೋ ಒಬ್ಬರು ದಾಖಲೆ ತುಂಬುವಾಗ ಗುರುತನ್ನು ನೋಡಿ ತಾಲ್ಲೂಕನ್ನು ತಾವೇ ತುಂಬಿದ್ದಾರೆ. ಶ್ರವಣಬೆಳಗೊಳ ಹೀಗೆ ಸೊರಬಕ್ಕೆ ಹೋಯಿತು.

ರೈಸ್ ನಂತರ ಮೈಸೂರಿನ ಪುರಾತತ್ತ್ವ ಇಲಾಖೆ ನೋಡಿಕೊಂಡ ಆರ್. ನರಸಿಂಹಾಚಾರ್ಯರು ಬೆಳಗೊಳದ ಬೆಟ್ಟಗಳನ್ನೂ ಊರನ್ನೂ ಮತ್ತೆ ಶೋಧಿಸಿ, ಎರಡನೆಯ ಸಂಪುಟವನ್ನು ಪರಿಷ್ಕರಿಸಿದರು. 1923ರಲ್ಲಿ ಬಂದ ಆ ಆವೃತ್ತಿಯಲ್ಲಿ ಶಾಸನಗಳು 500. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ತಂದ ಪರಿಷ್ಕೃತ ಸಂಪುಟದಲ್ಲಿ 573. ಪ್ರತಿ ಸಲವೂ ಹೊಸ ಶಾಸನಗಳು ಸೇರಿದ್ದರಿಂದ ಕ್ರಮ ಬದಲಾಯಿತು, ಸಂಖ್ಯೆಯೂ ಬದಲಾಯಿತು. ನಮ್ಮ ಬುಕ್ಕರಾಯನ ಶಾಸನ 1889ರಲ್ಲಿ 136, 1923ರಲ್ಲಿ 344, 1973ರಲ್ಲಿ 475. ಕಲ್ಲು ಇದ್ದಲ್ಲೇ ಇದೆ.

ಹಳಬರಿಗೆ ಈ ತೊಂದರೆ ಗೊತ್ತಿತ್ತು. ನರಸಿಂಹಾಚಾರ್ಯರು ತಮ್ಮ ಸಂಖ್ಯೆಯ ಪಕ್ಕದಲ್ಲೇ ರೈಸ್ ಅವರ ಸಂಖ್ಯೆಯನ್ನು ಕಂಸದಲ್ಲಿ ಕೊಟ್ಟರು: 344 (136). ಆ ಕಂಸ ನೋಡಲು ಚಿಕ್ಕದು. ಆದರೆ 1889ರಿಂದ 1923ರವರೆಗೆ ಯಾರು ಯಾರು ಏನೇನು ಬರೆದಿದ್ದರೋ ಅದೆಲ್ಲಕ್ಕೂ ದಾರಿ ಅದರೊಳಗಿತ್ತು. ಡೇಟಾಬೇಸಿಗೆ ತುಂಬುವಾಗ "ಸಂಖ್ಯೆ" ಎಂಬ ಅಂಕಣಕ್ಕೆ ಒಂದೇ ಅಂಕಿ ಹಿಡಿಯುತ್ತದೆ. ಕಂಸ ಬಿದ್ದುಹೋಯಿತು. 1889ರ ಸಂಪುಟ ಒಂದು ಕಡೆಯಿಂದ, 1923ರ ಸಂಪುಟ ಇನ್ನೊಂದು ಕಡೆಯಿಂದ ಒಳಗೆ ಬಂದವು, ಒಂದೇ ಶಾಸನ ಎರಡು ದಾಖಲೆಯಾಯಿತು. ಹಕ್ಕುಸ್ವಾಮ್ಯದ ತೊಡಕಿಲ್ಲದ ಹಳೆಯ ಸಂಪುಟಗಳೇ ಮೊದಲು ಗಣಕಕ್ಕೆ ಏರುವುದರಿಂದ ಇಂಥ ಜೋಡಿಗಳು ಹುಟ್ಟುವುದು ಸಹಜ.

ಸಂಪುಟದ ಅಂಕಿಯನ್ನೂ ನಂಬುವ ಹಾಗಿಲ್ಲ. ರೈಸ್ ಅವರ ಎಂಟನೆಯ ಸಂಪುಟ ಸೊರಬ, ಸಾಗರ, ನಗರ, ತೀರ್ಥಹಳ್ಳಿಗಳದ್ದು. ಪರಿಷ್ಕೃತ ಮಾಲೆಯ ಎಂಟನೆಯದು ಹಾಸನ ಜಿಲ್ಲೆಯದ್ದು. ರೈಸ್ ಅವರ ಒಂಬತ್ತು ಬೆಂಗಳೂರು ಜಿಲ್ಲೆ, ಪರಿಷ್ಕೃತ ಒಂಬತ್ತು ಬೇಲೂರು. ಬರೀ "ಎ.ಕ. 9" ಎಂದು ಬರೆದರೆ ಓದುವವರು ಯಾವ ಪುಸ್ತಕ ತೆಗೆಯಬೇಕು? ತಾಲ್ಲೂಕುಗಳ ಕಥೆಯೂ ಹಾಗೆಯೇ. ರೈಸ್ ಕಾಲದ ನಗರ ತಾಲ್ಲೂಕಿನಲ್ಲಿದ್ದ ಹುಂಚ ಇವತ್ತು ಹೊಸನಗರ ತಾಲ್ಲೂಕು. ಎಡತೊರೆ ಇವತ್ತಿನ ಕೃಷ್ಣರಾಜನಗರ. ಮಾಗಡಿ ಆಗ ಬೆಂಗಳೂರು ಜಿಲ್ಲೆ, 2007ರಲ್ಲಿ ರಾಮನಗರ ಜಿಲ್ಲೆಗೆ ಹೋಯಿತು, ಈಚೆಗೆ ಆ ಜಿಲ್ಲೆಯ ಹೆಸರೂ ಬದಲಾಯಿತು. ಡೇಟಾಬೇಸಿನ "ಜಿಲ್ಲೆ" ಅಂಕಣದಲ್ಲಿರುವುದು ಯಾವ ಕಾಲದ ಜಿಲ್ಲೆ ಎಂದು ಕೇಳಿಕೊಳ್ಳದೆ ಜಿಲ್ಲಾವಾರು ಲೆಕ್ಕ ಹಾಕುವವರನ್ನು ಕಂಡರೆ ಈಗ ನನಗೆ ಭಯವಾಗುತ್ತದೆ.

ಮಾಗಡಿಯ ಕಲ್ಲು

ಮೊದಲ ಎರಡು ಸಾಲು ಒಂದೇ ಎಂದು ಗೊತ್ತಾದ ಮೇಲೆ ಮೂರನೆಯದನ್ನು ನೋಡಿದೆ. ಮಾಗಡಿ ತಾಲ್ಲೂಕಿನ ಕಲ್ಯದ ಶಾಸನ, ರೈಸ್ ಅವರ ಒಂಬತ್ತನೆಯ ಸಂಪುಟದಲ್ಲಿದೆ. ಹೇಳುವುದು ಅದೇ 1368ರ ಒಪ್ಪಂದ. ಹಾಗಾದರೆ ಇದನ್ನೂ ನಕಲು ದಾಖಲೆ ಎಂದು ಅಳಿಸಿಬಿಡಬೇಕೆ? ಅಳಿಸಲು ಕೈ ಹಾಕಿದ್ದೆ ಕೂಡ.

ಆಮೇಲೆ ಬೆಳಗೊಳದ ಪಾಠವನ್ನು ಪೂರ್ತಿ ಓದಿದೆ. ಜೈನರು ತಮಗಾದ ಅನ್ಯಾಯವನ್ನು ಅರಸನಲ್ಲಿ ಬಿನ್ನವಿಸಿಕೊಳ್ಳುತ್ತಾರೆ. ಬುಕ್ಕರಾಯ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಗೆ ಕೊಡುತ್ತಾನೆ, ಎರಡು ದರ್ಶನಗಳಿಗೂ ಭೇದವಿಲ್ಲ ಎನ್ನುತ್ತಾನೆ. ಪಂಚಮಹಾವಾದ್ಯ, ಕಲಶ ಜೈನರಿಗೂ ಸಲ್ಲಬೇಕು ಎಂದಾಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಮುಂದಿನ ಮಾತು ಮುಖ್ಯ: ಈ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ಶ್ರೀವೈಷ್ಣವರೇ ನೆಡಿಸಬೇಕು ಎಂದು ಅದೇ ಶಾಸನ ಹೇಳುತ್ತದೆ. ಕಲ್ಲಿನ ಕೊನೆಯ ಭಾಗದಲ್ಲಿ ಕಲ್ಲೆಹದ ಬುಸುವಿಸೆಟ್ಟಿಯ ಹೆಸರು ಬರುತ್ತದೆ. ಆ ಕಲ್ಲೆಹವೇ ಮಾಗಡಿಯ ಕಲ್ಯ.

ಅಂದರೆ ಕಲ್ಯದ ಕಲ್ಲು ನಕಲು ದಾಖಲೆ ಅಲ್ಲ. ಆಜ್ಞೆ ಕಾಗದದ ಮೇಲೆ ಉಳಿಯದೆ ಬೇರೆ ಊರಿಗೂ ಹೋಗಿ ನಿಂತಿತು ಅನ್ನುವುದಕ್ಕೆ ಅದೇ ಸಾಕ್ಷಿ. ನನ್ನ ಮೂರು ತೀರ್ಪುಗಳು ಹೋಗಿ ಉಳಿದದ್ದು ಒಂದು ತೀರ್ಪು, ಎರಡು ಕಲ್ಲು, ನಾಲ್ಕು ಸಂಖ್ಯೆ. ಬುಕ್ಕ ಮತ್ತೆ ಮತ್ತೆ ತೀರ್ಪು ಕೊಡಬೇಕಾಯಿತು ಅನ್ನುವ ನನ್ನ ವಾಕ್ಯ ಬಿದ್ದುಹೋಯಿತು. ಅದರ ಜಾಗದಲ್ಲಿ ಬಂದದ್ದು ಅದಕ್ಕಿಂತ ಗಟ್ಟಿಯಾದ ಮಾತು: ಒಂದೇ ತೀರ್ಪನ್ನು ಊರಿಂದ ಊರಿಗೆ ಒಯ್ದು ನೆಟ್ಟರು. ಮೂರು ಎಂದು ಎಣಿಸಿದ್ದರೂ ತಪ್ಪಾಗುತ್ತಿತ್ತು, ಪಾಠ ಒಂದೇ ಎಂದು ಒಂದಕ್ಕೆ ಇಳಿಸಿದ್ದರೂ ತಪ್ಪಾಗುತ್ತಿತ್ತು. ಇದನ್ನು ಯಾವ ಹುಡುಕಾಟದ ಪೆಟ್ಟಿಗೆಯೂ ಹೇಳಿಕೊಡುವುದಿಲ್ಲ. ಆಕರದ ದಾರಿಯನ್ನು ಹಿಂದಕ್ಕೆ ನಡೆದರೆ ಮಾತ್ರ ಸಿಗುತ್ತದೆ.

ಈ ಶಾಸನವನ್ನು ನಾವು ಸಭೆಗಳಲ್ಲಿ, ಪಠ್ಯಗಳಲ್ಲಿ, ವಾದಗಳಲ್ಲಿ ಪದೇ ಪದೇ ಎತ್ತಿಕೊಳ್ಳುತ್ತೇವೆ. ಅಂಥ ಶಾಸನದ ಬಗ್ಗೆಯೇ ನಮ್ಮ ಲೆಕ್ಕ ತಪ್ಪಿದರೆ, ಒಪ್ಪದವರಿಗೆ ಇಡೀ ಶಾಸನವನ್ನೇ ತಳ್ಳಿಹಾಕಲು ನಾವೇ ಕಾರಣ ಕೊಟ್ಟ ಹಾಗಾಗುತ್ತದೆ.

ಅಂಕಣದಲ್ಲಿರುವುದು ಯಾರ ಮಾತು?

ಸಂಖ್ಯೆಯ ತೊಡಕು ಮುಗಿದರೂ ಇನ್ನೊಂದು ಉಳಿಯುತ್ತದೆ. ಡೇಟಾಬೇಸಿನ ಸಾಲಿನಲ್ಲಿ ಎಲ್ಲವೂ ಒಂದೇ ತೂಕದ ಮಾಹಿತಿಯಂತೆ ಕಾಣುತ್ತದೆ. ಆದರೆ ಕಲ್ಲಿನಲ್ಲಿ ಇರುವುದು ಬೇರೆ, ಸಂಪಾದಕರು ಊಹಿಸಿದ್ದು ಬೇರೆ, ದಾಖಲೆ ತುಂಬಿದವರು ಸೇರಿಸಿದ್ದು ಬೇರೆ.

ಹಲ್ಮಿಡಿಯನ್ನೇ ತೆಗೆದುಕೊಳ್ಳಿ. ಡಾ. ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದು 1936ರ ಮೈಸೂರು ಪುರಾತತ್ತ್ವ ವರದಿಯಲ್ಲಿ ಪ್ರಕಟಿಸಿದ ಶಾಸನ. ಅದರಲ್ಲಿ ಶಕವರ್ಷವಿಲ್ಲ. ಸುಮಾರು 450 ಎನ್ನುವುದು ಲಿಪಿ, ಭಾಷೆ, ಹೆಸರುಗಳನ್ನು ತೂಗಿ ವಿದ್ವಾಂಸರು ಹೇಳಿದ ಕಾಲ, ಅದರ ಬಗ್ಗೆ ಭಿನ್ನಾಭಿಪ್ರಾಯಗಳೂ ಇವೆ. ಡೇಟಾಬೇಸಿನ "ಕಾಲ" ಅಂಕಣದಲ್ಲಿ 450 ಎಂದು ಬಿದ್ದ ಕೂಡಲೇ "ಸುಮಾರು" ಹೋಗುತ್ತದೆ, ಹೇಳಿದವರ ಹೆಸರೂ ಹೋಗುತ್ತದೆ. ಪಕ್ಕದ ಸಾಲಿನಲ್ಲಿ ಶಕವರ್ಷ, ಸಂವತ್ಸರ, ತಿಥಿ, ವಾರ ಎಲ್ಲ ಇದ್ದು ಲೆಕ್ಕ ಹಾಕಿ ಪಡೆದ ಇಸವಿಯೂ ಹಾಗೇ ಬರೀ ಅಂಕಿಯಾಗಿ ಕೂತಿರುತ್ತದೆ. ವರದಿಯಲ್ಲಿ ಎರಡನ್ನೂ ಒಂದೇ ಧಾಟಿಯಲ್ಲಿ ಬರೆದರೆ ಓದುವವರಿಗೆ ಮೋಸ ಮಾಡಿದ ಹಾಗೆ.

ಅಕ್ಷರಗಳ ವಿಷಯವೂ ಇದೆ. ಹಳಗನ್ನಡದಲ್ಲಿ ಕೆರೆ "ಕೆಱೆ". ಡೇಟಾಬೇಸಿಗೆ ಬೆರಳಚ್ಚು ಮಾಡಿದವರು ಕೆಲವರು ಶಕಟರೇಫವನ್ನು ಹಾಗೇ ಉಳಿಸಿರುತ್ತಾರೆ, ಕೆಲವರು ಸಾಮಾನ್ಯ ರಕಾರ ಮಾಡಿರುತ್ತಾರೆ. ೞಕಾರಕ್ಕೂ ಅದೇ ಗತಿ, ಎಷ್ಟೋ ಕಡೆ ಳಕಾರವಾಗಿದೆ. ಹಳೆಯ ಫಾಂಟುಗಳಿಂದ ಯೂನಿಕೋಡಿಗೆ ಬದಲಿಸುವಾಗ ಆದ ಏರುಪೇರು ಬೇರೆ. ನೀವು "ಕೆರೆ" ಎಂದು ಹುಡುಕಿ ಇಷ್ಟು ಶಾಸನ ಸಿಕ್ಕವು ಎಂದು ಬರೆದರೆ, ಅದು ಕೆರೆಗಳ ಲೆಕ್ಕ ಅಲ್ಲ, ಆ ಪದವನ್ನು ಹಾಗೆ ಬೆರಳಚ್ಚು ಮಾಡಿದ ದಾಖಲೆಗಳ ಲೆಕ್ಕ. ಹಾಗಾಗಿ ಯಾವ ಪದಗಳನ್ನು ಯಾವ ಯಾವ ರೂಪದಲ್ಲಿ ಕೊಟ್ಟು ಹುಡುಕಿದೆ ಅನ್ನುವುದೂ ಆಕರದ ಭಾಗವೇ.

ಉತ್ತರ ಕರ್ನಾಟಕದ ಶಾಸನಗಳಲ್ಲಿ ಇನ್ನೊಂದು ಎಚ್ಚರ ಬೇಕು. ಕೆಲವು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್ ಸಂಪುಟಗಳಲ್ಲಿ ಪೂರ್ತಿ ಪಾಠದೊಂದಿಗೆ ಇವೆ. ಎಷ್ಟೋ ಶಾಸನಗಳು ಕೇಂದ್ರದ ವಾರ್ಷಿಕ ಶಾಸನ ವರದಿಗಳಲ್ಲಿ ನಾಲ್ಕು ಸಾಲಿನ ಸಾರಾಂಶವಾಗಿ ಮಾತ್ರ ಇವೆ. ಡೇಟಾಬೇಸಿನಲ್ಲಿ ಎರಡೂ ಅಕ್ಕಪಕ್ಕ. ಸಾರಾಂಶ ಓದಿ "ಶಾಸನ ಹೀಗೆನ್ನುತ್ತದೆ" ಎಂದು ಬರೆಯಬಾರದು. ಸಾರಾಂಶದ ಪ್ರಕಾರ ಎಂದೇ ಬರೆಯಬೇಕು.

ಹಾಗಾದರೆ ಹೇಗೆ ಬರೆಯುವುದು

ಆ ಫೋನ್ ಬಂದಾಗಿನಿಂದ ನಾನು ಪಾಲಿಸುತ್ತಿರುವ ಕ್ರಮ ಹೇಳುತ್ತೇನೆ. ಇದಕ್ಕಿಂತ ಒಳ್ಳೆಯದು ನಿಮ್ಮಲ್ಲಿದ್ದರೆ ಅದನ್ನೇ ಬಳಸಿ.

ಒಂದೊಂದು ಶಾಸನಕ್ಕೂ ಎರಡು ಉಲ್ಲೇಖ ಕೊಡುತ್ತೇನೆ. ಮೊದಲನೆಯದು ಶಾಸನ ಪ್ರಕಟವಾದ ಪುಸ್ತಕದ್ದು, ಎರಡನೆಯದು ನಾನು ನಿಜವಾಗಿ ಕಣ್ಣಿಂದ ನೋಡಿದ ಜಾಗದ್ದು. ಬುಕ್ಕರಾಯನ ಶಾಸನವಾದರೆ ಹೀಗೆ: "ಎ.ಕ. 2 (ಪರಿಷ್ಕೃತ, 1973), ಶ್ರವಣಬೆಳಗೊಳ 475 (1923ರಲ್ಲಿ 344, 1889ರಲ್ಲಿ 136)." ಅದಕ್ಕೆ ಸೇರಿಸಿ ಡೇಟಾಬೇಸಿನ ಹೆಸರು, ಅದನ್ನು ನಡೆಸುವವರು, ದಾಖಲೆ ಸಂಖ್ಯೆ, ಆವೃತ್ತಿ ಇದ್ದರೆ ಆವೃತ್ತಿ, ನಾನು ನೋಡಿದ ದಿನ. ಕೊನೆಗೆ ಒಂದು ಮಾತು: "ಮುದ್ರಿತ ಪಾಠದೊಂದಿಗೆ ಹೋಲಿಸಿದೆ" ಅಥವಾ "ಹೋಲಿಸಿಲ್ಲ".

ಈ ಕೊನೆಯ ಮಾತು ಬರೆಯುವುದಕ್ಕೆ ಮೊದಮೊದಲು ನಾಚಿಕೆಯಾಗುತ್ತಿತ್ತು. ಡೇಟಾಬೇಸಿನಲ್ಲಿ ನೋಡಿ ಸಂಪುಟದ ಹೆಸರು ಮಾತ್ರ ಹಾಕುವ ಚಾಳಿ ನಮ್ಮಲ್ಲಿ ಬೇಕಾದಷ್ಟಿದೆ, ಅದರಿಂದ ವಿದ್ವತ್ತಿನ ಗತ್ತು ಬರುತ್ತದೆ. ಆದರೆ ಸಂಪುಟ ತೆರೆಯದೆ ಸಂಪುಟದ ಪುಟ ಹಾಕುವುದು ಸುಳ್ಳು ಹೇಳಿದ ಹಾಗೇ. ಪಾಠದಲ್ಲಿ ತಪ್ಪಿದ್ದರೆ ಅದು ರೈಸ್ ಅವರ ತಲೆಗೆ ಬರುತ್ತದೆ, ನಿಜವಾಗಿ ಅದು ಬೆರಳಚ್ಚಿನ ತಪ್ಪಾಗಿರಬಹುದು. ಇದರ ಉಲ್ಟಾ ಮಾಡುವವರೂ ಇದ್ದಾರೆ, ನಾನು ಮಾಡಿದ ಹಾಗೆ ಬರೀ ಡೇಟಾಬೇಸಿನ ಹೆಸರು ಹಾಕಿ ಬಿಡುವವರು. ಡೇಟಾಬೇಸು ನಾಳೆ ನಿಂತುಹೋದರೆ, ವಿಳಾಸ ಬದಲಾದರೆ, ಅಂಥ ವರದಿಯ ಆಧಾರವೆಲ್ಲ ಅವತ್ತೇ ಮುಗಿಯಿತು.

ದಾಖಲೆಗಳು ತಿದ್ದುಪಡಿಯಾಗುತ್ತಲೇ ಇರುತ್ತವೆ, ಆಗಲೇಬೇಕು. ಅದಕ್ಕೇ ನೋಡಿದ ದಿನ ಬರೆಯುವುದು. ಡಿಒಐ ಸಂಖ್ಯೆಯೊಂದಿಗೆ ಆವೃತ್ತಿಗಳನ್ನು ಪ್ರಕಟಿಸುವ ಡೇಟಾಬೇಸಾದರೆ ಆ ಸಂಖ್ಯೆಯನ್ನೇ ಕೊಡುವುದು ಒಳ್ಳೆಯದು. ನಾವು ಹುಡುಕಿ ಪಡೆದ ಸಾಲುಗಳನ್ನು ಒಂದು ಕಡತವಾಗಿ ಇಳಿಸಿಕೊಂಡು ವರದಿಗೆ ಅನುಬಂಧವಾಗಿ ಸೇರಿಸಿದರೆ, ಮುಂದೆ ಯಾರಾದರೂ ನಮ್ಮ ಎಣಿಕೆಯನ್ನು ಪರೀಕ್ಷಿಸಬಹುದು.

ಡೇಟಾಬೇಸು ಕಟ್ಟುವವರಲ್ಲೂ ಒಂದು ಕೋರಿಕೆ. ಪ್ರಾಚೀನ ಈಜಿಪ್ಟ್ ಮತ್ತು ಮೆಡಿಟರೇನಿಯನ್ ಪ್ರದೇಶದ ಬರಹಗಳಿಗೆ ಟ್ರಿಸ್ಮೆಗಿಸ್ಟಾಸ್ ಎಂಬ ಡೇಟಾಬೇಸ್ ಇದೆ. ಅಲ್ಲಿ ಪ್ರತಿ ಬರಹಕ್ಕೂ ಬದಲಾಗದ ಒಂದು ಸಂಖ್ಯೆ, ಅದರ ಕೆಳಗೆ ಬೇರೆ ಬೇರೆ ಪ್ರಕಟಣೆಗಳ ಸಂಖ್ಯೆಗಳು. ಕನ್ನಡ ಶಾಸನಗಳಿಗೂ ಇಂಥದ್ದು ಬೇಕು: ಕಲ್ಲಿಗೊಂದು ಸಂಖ್ಯೆ, ಅದರ ಕೆಳಗೆ ರೈಸ್, ನರಸಿಂಹಾಚಾರ್ಯ, ಪರಿಷ್ಕೃತ ಆವೃತ್ತಿ ಎಲ್ಲ. ಕಂಸವನ್ನು ವಾಪಸು ತಂದರೆ ಸಾಕು, ಅಷ್ಟೇ.

ಬರೆದವನು, ಕಂಡರಿಸಿದವನು

ಆಕರ ಸೂಚನೆ ಎಂದರೆ ಪಾಶ್ಚಾತ್ಯರ ಶಿಸ್ತು, ನಮಗೆ ಹೇರಿದ್ದು ಅನ್ನುವವರಿದ್ದಾರೆ. ಬೆಳಗೊಳದ ಚಂದ್ರಗಿರಿಯಲ್ಲೇ ಇರುವ ಮಲ್ಲಿಷೇಣ ಪ್ರಶಸ್ತಿಯ ಕೊನೆಗೆ ಹೋಗಿ ನೋಡಿ. ಬರೆದ ಮಲ್ಲಿನಾಥನ ಹೆಸರು ಬೇರೆಯಾಗಿ ಇದೆ, ಕಂಡರಿಸಿದ ಗಂಗಾಚಾರಿಯ ಹೆಸರು ಬೇರೆಯಾಗಿ ಇದೆ. ನಮ್ಮ ನೂರಾರು ಶಾಸನಗಳು ಮುಗಿಯುವುದು ಹೀಗೆಯೇ. ಯಾವ ಕೆಲಸಕ್ಕೆ ಯಾರು ಹೊಣೆ ಎಂದು ಕಲ್ಲೇ ಹೇಳುತ್ತದೆ. ಬಿಸಿಲಲ್ಲಿ ನಿಂತು ಪಡಿಯಚ್ಚು ತೆಗೆದವರು, ಸವೆದ ಅಕ್ಷರ ಓದಿದವರು, ಸಂಪಾದಿಸಿದವರು, ವರ್ಷಗಟ್ಟಲೆ ಕೂತು ಬೆರಳಚ್ಚು ಮಾಡಿದವರು, ಇವರೆಲ್ಲರ ಕೆಲಸದ ಮೇಲೆ ನಮ್ಮ ಒಂದು ಕೋಷ್ಟಕ ನಿಂತಿರುತ್ತದೆ. ಅವರನ್ನು "ಆಧಾರ: ಡೇಟಾಬೇಸ್" ಎಂಬ ಒಂದು ಸಾಲಿಗೆ ಇಳಿಸುವುದು ನ್ಯಾಯವೂ ಅಲ್ಲ.

ಆ ವಿದ್ಯಾರ್ಥಿನಿಗೆ ಅವತ್ತೇ ರಾತ್ರಿ ಫೋನ್ ಮಾಡಿ, ಕಲ್ಲು ಸೊರಬದಲ್ಲಿಲ್ಲ, ತಪ್ಪು ನನ್ನದು, ಎರಡು ದಿನ ಸುಮ್ಮನೆ ಅಲೆದಾಡಿಸಿದೆ ಎಂದೆ. "ಸರ್, ಇದನ್ನ ನನ್ನ ಪ್ರಬಂಧದ ಅಡಿಟಿಪ್ಪಣಿಯಲ್ಲಿ ಬರೀಲಾ?" ಅಂತ ಹಿಂಜರಿಯುತ್ತಾ ಕೇಳಿದರು. ಬರೀಲೇಬೇಕು, ಇಲ್ಲದಿದ್ದರೆ ನನ್ನ ವರದಿ ನಂಬಿ ಇನ್ನೊಬ್ಬರು ಬಸ್ ಹತ್ತುತ್ತಾರೆ ಎಂದೆ. ಸಂಸ್ಥೆಗೆ ತಿದ್ದುಪಡಿ ಕಳಿಸಿದೆ. ಡೇಟಾಬೇಸಿನವರಿಗೂ ಬರೆದೆ, ಅವರು ತಾಲ್ಲೂಕನ್ನು ಸರಿಪಡಿಸಿದರು. ತಿದ್ದಿದ ಕೋಷ್ಟಕದಲ್ಲಿ ಮೂರು ತೀರ್ಪುಗಳಿದ್ದ ಕಡೆ ಈಗ ಒಂದೇ ಇದೆ. ಅದರ ಕೆಳಗೆ ಎರಡು ಊರು, ಬೆಳಗೊಳ ಮತ್ತು ಕಲ್ಯ. ಬೆಳಗೊಳದ ಸಂಖ್ಯೆಯ ಪಕ್ಕ ಕಂಸದಲ್ಲಿ ಹಳೆಯ ಸಂಖ್ಯೆಗಳೆರಡೂ ಇವೆ.